ಎಕ್ಯೂಐ ಓದುವುದು ಹೇಗೆ?

ಎಕ್ಯೂಐ ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ಅಂಕಿ ಹೆಚ್ಚಿದಷ್ಟೂ ಗಾಳಿ ಕೆಟ್ಟಿದೆ ಅಂತ. ಅದನ್ನು ನೋಡಲು ಮೊದಲು ಫೋನಿಗೆ ‘ಸಮೀರ್’ ಆ್ಯಪ್ ಹಾಕಿಕೊಳ್ಳಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯದು, ದುಡ್ಡು ಕೊಡಬೇಕಿಲ್ಲ. ಮಂಡಳಿ ದಿನವೂ ಸಂಜೆ 4ಕ್ಕೆ ಊರುಗಳ ಎಕ್ಯೂಐ ಪಟ್ಟಿ ಬಿಡುತ್ತದೆ, ಪೇಪರಿನಲ್ಲಿ ಬರುವುದು ಹೆಚ್ಚಾಗಿ ಅದೇ. ಆದರೆ ‘ಬೆಂಗಳೂರು’ ಅಂತ ಇರುವ ಅಂಕಿ ಅಲ್ಲಿನ ಗಾಳಿ ಅಳೆಯುವ ಕೇಂದ್ರಗಳ ಸರಾಸರಿ. ಸಿಲ್ಕ್ ಬೋರ್ಡ್, ಪೀಣ್ಯ, ಜಯನಗರ ಮೂರರ ಗಾಳಿ ಒಂದೇ ಥರ ಇರುವುದಿಲ್ಲ ಅಲ್ವಾ? ಹಾಗಾಗಿ ಆ್ಯಪ್‌ನಲ್ಲಿ ನಿಮ್ಮ ಮನೆಗೆ ಹತ್ತಿರದ ಕೇಂದ್ರವನ್ನೇ ಒತ್ತಿ.

ಅಲ್ಲಿ ಅಂಕಿಯ ಜೊತೆಗೆ ಯಾವ ಮಾಲಿನ್ಯ ಅಂತಲೂ ಇರುತ್ತದೆ. ಇದನ್ನು ಬಿಡಬೇಡಿ. ದೂಳು, ಓಝೋನ್, ಕಾರ್ಬನ್ ಮೋನಾಕ್ಸೈಡ್, ಸೀಸ ಹೀಗೆ ಒಟ್ಟು 8 ವಸ್ತುಗಳು ಲೆಕ್ಕಕ್ಕೆ ಬರುತ್ತವೆ. ಕಡೇಪಕ್ಷ 3 ವಸ್ತುಗಳ ಅಳತೆ ಸಿಗಬೇಕು, ಅದರಲ್ಲಿ ಪಿಎಂ 10 (ಸಣ್ಣ ದೂಳು) ಅಥವಾ ಪಿಎಂ 2.5 (ಇನ್ನೂ ಸಣ್ಣ ದೂಳು) ಇರಲೇಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕ ಹಾಕಿ, ಎಲ್ಲಕ್ಕಿಂತ ಜಾಸ್ತಿ ಬಂದದ್ದನ್ನೇ ಆ ಕೇಂದ್ರದ ಎಕ್ಯೂಐ ಅನ್ನುತ್ತಾರೆ. ಇದು ಸರಿಯಾದ ಕ್ರಮ ಅಂತಲೇ ನನ್ನ ಅಭಿಪ್ರಾಯ, ಯಾಕೆಂದರೆ 7 ವಸ್ತು ಕಡಿಮೆ ಇದ್ದ ಮಾತ್ರಕ್ಕೆ ಎಂಟನೆಯದು ಶ್ವಾಸಕೋಶವನ್ನು ಬಿಡುವುದಿಲ್ಲ.

ದೂಳನ್ನು ತೂಗುವುದು ಹೇಗೆ? ಹಲವು ಕೇಂದ್ರಗಳಲ್ಲಿ ಯಂತ್ರದೊಳಗೆ ಕಾಗದದ ಪಟ್ಟಿಯಂಥ ಫಿಲ್ಟರ್ ಟೇಪ್ ಇರುತ್ತದೆ. ಮೇಲಿನ ಕೊಳವೆಯಿಂದ ಗಾಳಿ ಎಳೆದಾಗ ದೂಳು ಟೇಪಿನ ಮೇಲೆ ಕೂರುತ್ತದೆ. ಅದರ ಮೂಲಕ ಬೀಟಾ ಕಿರಣ ಹಾಯಿಸುತ್ತಾರೆ, ಕಿರಣ ಎಷ್ಟು ತಗ್ಗಿತು ಅನ್ನುವುದರಿಂದ ದೂಳಿನ ತೂಕ ಗೊತ್ತಾಗುತ್ತದೆ. ಆಮೇಲೆ ಟೇಪ್ ಮುಂದಕ್ಕೆ ಸರಿದು ಹೊಸ ಜಾಗ ಬರುತ್ತದೆ.

ಈಗ ಸಮಯ ನೋಡಿ. ದೂಳಿನ ಅಂಕಿ 24 ಗಂಟೆಗಳ ಸರಾಸರಿ. ಓಝೋನ್, ಕಾರ್ಬನ್ ಮೋನಾಕ್ಸೈಡ್‌ಗೆ 8 ಗಂಟೆ. ಬೆಳಿಗ್ಗೆ ನಿಮ್ಮ ಬೀದಿಯಲ್ಲಿ ಕಸ ಸುಟ್ಟು ಹೊಗೆ ತುಂಬಿದ್ದರೂ ಆ್ಯಪ್ ‘ಪರವಾಗಿಲ್ಲ’ ಅನ್ನಬಹುದು. ಅಂಥ ಹೊತ್ತಲ್ಲಿ ಮೂಗನ್ನೇ ನಂಬಿ, ಮಕ್ಕಳನ್ನು ಒಳಗೆ ಕರೆಯಿರಿ.

50ರವರೆಗೆ ಒಳ್ಳೆಯದು, 100ರವರೆಗೆ ತೃಪ್ತಿಕರ. 100 ದಾಟಿದರೆ ಆಸ್ತಮಾ, ಹೃದಯದ ತೊಂದರೆ ಇರುವವರು ಹುಷಾರು. 200ರ ಮೇಲೆ ಯಾರಿಗೂ ಒಳ್ಳೆಯದಲ್ಲ, 400 ದಾಟಿದರೆ ತೀವ್ರ.

ಬೇರೆ ಆ್ಯಪ್ ಬೇರೆ ಅಂಕಿ ತೋರಿಸಿದರೆ ಸುಳ್ಳು ಅಂದುಕೊಳ್ಳಬೇಡಿ, ಅದು ಅಮೆರಿಕದ ಅಳತೆ ಬಳಸುತ್ತಿರಬಹುದು. ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ದೂಳು 45 ಮೈಕ್ರೋಗ್ರಾಂ ಇದ್ದರೆ ನಮ್ಮಲ್ಲಿ ಸುಮಾರು 75, ‘ತೃಪ್ತಿಕರ’. ಅವರಲ್ಲಿ ಸುಮಾರು 124. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15 ಮೈಕ್ರೋಗ್ರಾಂ, ನಮ್ಮದು 60. ಹೋಲಿಸಬೇಕಾದರೆ ಮೈಕ್ರೋಗ್ರಾಂ ಲೆಕ್ಕವನ್ನೇ ಹೋಲಿಸಿ.

ಆ್ಯಪ್‌ನಲ್ಲಿ ನಿಮ್ಮೂರೇ ಇಲ್ಲವಾ? ಕೆಲವು ಊರುಗಳಲ್ಲಿ ಸಿಬ್ಬಂದಿ ಕೈಯಾರೆ ಫಿಲ್ಟರ್ ಬದಲಿಸಿ ಲ್ಯಾಬಿನಲ್ಲಿ ತೂಗುತ್ತಾರೆ, ಅದೂ ವಾರಕ್ಕೆ 2 ಸಲ. ಅಲ್ಲಿನ ಲೆಕ್ಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ. ಅದೂ ಇಲ್ಲದ ಊರಾದರೆ, ಒಂದು ಕೇಂದ್ರ ಕೊಡಿ ಅಂತ ಬರೆದು ಕೇಳಿ.