ಮೊದಲು ಬ್ಯಾಟರಿ, ಆಮೇಲೆ ಅರ್ತ್, ಕೊನೆಗೆ ಸ್ಕ್ಯಾನರ್

ಮಂಡ್ಯದ ಗುತ್ತಲು ರಸ್ತೆಯಲ್ಲಿ ನಾನು ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಾ 19 ವರ್ಷವಾಯಿತು. ಹೋದ ವರ್ಷ ಕೆರಗೋಡು ಕಡೆಯ ರೈತರೊಬ್ಬರು ತಮ್ಮ ಡೀಸೆಲ್ ಎಸ್‌ಯುವಿ ತಂದು ಅಂಗಡಿ ಮುಂದೆ ನಿಲ್ಲಿಸಿದರು. "ಸಾಕಾಗೋಯ್ತು ಕಣಪ್ಪ. ಬ್ಯಾಟರಿ ಹೊಸದು, ಆಲ್ಟರ್ನೇಟರೂ ಹೊಸದು. ಆದ್ರೂ ಒಂದೊಂದ್ ದಿನ ಸ್ಟಾರ್ಟೇ ಆಗಲ್ಲ," ಅಂದರು. ಆಲ್ಟರ್ನೇಟರ್ ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ಸ್ಟಾರ್ಟ್ ಆದರೂ ಡ್ಯಾಶ್‌ಬೋರ್ಡಿನ ಎಬಿಎಸ್ (ಬ್ರೇಕ್) ದೀಪ, ಸ್ಟೇರಿಂಗ್ ದೀಪ ಆರುತ್ತಿರಲಿಲ್ಲ. ಬೇರೆ ಕಡೆ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಯಂತ್ರ) ಹಾಕಿ, ಬಂದ ಕೋಡ್ ನೋಡಿಕೊಂಡು ಒಂದೊಂದೇ ಸಾಮಾನು ಬದಲಾಯಿಸಿದ್ದರು. ತೊಂದರೆ ಇದ್ದದ್ದು ಒಂದು ಬೋಲ್ಟಿನಲ್ಲಿ. ಅವರು ಕಳೆದುಕೊಂಡ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಎಂದರ್ಥ. 12.2 ಅಂದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೇಲೆ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮೊದಲು ಚಾರ್ಜ್ ಮಾಡಿ ಮತ್ತೆ ನೋಡಿ. ವೋಲ್ಟೇಜ್ ಬಿದ್ದರೆ ಗಾಡಿಯೊಳಗಿನ ಕಂಪ್ಯೂಟರ್‌ಗಳು ಒಂದರ ಮಾತು ಒಂದಕ್ಕೆ ಕೇಳದೆ ಏನೇನೋ ಕೋಡ್ ಬರೆದಿಡುತ್ತವೆ. ಅದನ್ನು ನಂಬಿ ಸೆನ್ಸರ್ ಬದಲಾಯಿಸಬೇಡಿ.

ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಈಗಿನ ಕೆಲವು ಗಾಡಿಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರೇ ನಡೆಸುತ್ತದೆ. ಬೇಡದಾಗ ವೋಲ್ಟೇಜ್ ತಗ್ಗಿಸುತ್ತದೆ. ಹಾಗಾಗಿ ಒಂದೇ ಸಲ ನೋಡಿ ಆಲ್ಟರ್ನೇಟರ್ ಹೋಗಿದೆ ಅನ್ನಬೇಡಿ. ಹೆಡ್‌ಲೈಟ್, ಎಸಿ ಬ್ಲೋವರ್ ಹಾಕಿ ಇನ್ನೊಮ್ಮೆ ನೋಡಿ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವಂಥ ಗಾಡಿಗೆ ಇಎಫ್‌ಬಿ ಅಥವಾ ಎಜಿಎಂ ಎಂಬ, ಪದೇ ಪದೇ ಸ್ಟಾರ್ಟ್ ತಡೆದುಕೊಳ್ಳುವ ಬ್ಯಾಟರಿಯೇ ಬೇಕು. ಕಡಿಮೆ ಬೆಲೆ ಅಂತ ಮಾಮೂಲಿ ಬ್ಯಾಟರಿ ಕೂರಿಸಿದರೆ ಬೇಗ ಹಾಳಾಗುತ್ತದೆ.

ಇನ್ನು ಅರ್ತ್, ಅಂದರೆ ಕರೆಂಟ್ ಎಂಜಿನ್, ಬಾಡಿಯ ಲೋಹದ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಬರುವ ದಾರಿ. ಬಹಳ ಜನ ಇಲ್ಲೇ ಎಡವುತ್ತಾರೆ. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ (ಟರ್ಮಿನಲ್) ಮೇಲೆ, ಇನ್ನೊಂದು ಎಂಜಿನ್‌ನ ಬರಿ ಲೋಹದ ಮೇಲೆ. ಕ್ಲಾಂಪ್ ಮೇಲೆ ಅಲ್ಲ, ಕಂಬದ ಮೇಲೇ ಇಡಿ. ಒಬ್ಬರು ಸೆಲ್ಫ್ ಹೊಡೆಯಲಿ. 0.2 ವೋಲ್ಟ್ ಒಳಗಿದ್ದರೆ ಅರ್ತ್ ಚೆನ್ನಾಗಿದೆ. ಕೆರಗೋಡಿನ ಗಾಡಿಯಲ್ಲಿ 1.7 ಬಂತು. ಬ್ಯಾಟರಿ ಕೊಡುತ್ತಿದ್ದ ಶಕ್ತಿ ದಾರಿಯಲ್ಲೇ ಸೋರುತ್ತಿತ್ತು, ಸ್ಟಾರ್ಟರಿಗೆ ಪೂರ್ತಿ ತಲುಪುತ್ತಿರಲಿಲ್ಲ.

ಗಾಡಿಗೆ ಸ್ಟ್ಯಾಂಡ್ ಕೊಟ್ಟು ಕೆಳಗೆ ಹೋದೆ. ಜಾಕ್ ಒಂದನ್ನೇ ನಂಬಿ ಯಾರೂ ಹೋಗಬಾರದು. ಗೇರ್‌ಬಾಕ್ಸಿನಿಂದ ಚಾಸಿಗೆ ಬರುವ ಹೆಣೆದ ಪಟ್ಟಿ ಹೊರಗಿಂದ ಚೆನ್ನಾಗೇ ಕಾಣುತ್ತಿತ್ತು. ಬೋಲ್ಟ್ ಬಿಚ್ಚಿದರೆ ಪಟ್ಟಿಯ ತುದಿಯ ಲೋಹದ ಬಳೆಯ (ಲಗ್) ಅಡಿಯಲ್ಲಿ ಗದ್ದೆ ಕೆಸರು ಒಣಗಿ ಬಿಲ್ಲೆಯಾಗಿತ್ತು. ಅದರ ಸುತ್ತ ಹಸಿರು ಕಿಲುಬು. ಎಮರಿ ಪೇಪರಿನಲ್ಲಿ ಎರಡೂ ಕಡೆ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿದೆ. ಮತ್ತೆ ಅಳೆದರೆ 0.1. ದೀಪಗಳೂ ಆರಿದವು. ಯಜಮಾನರು ಬಗ್ಗಿ ಆ ಕೆಸರಿನ ಬಿಲ್ಲೆಯನ್ನು ಕೈಗೆ ತಗೊಂಡು ಸುಮಾರು ಹೊತ್ತು ನೋಡಿದರು.

ರಾತ್ರಿ ನಿಂತು ಬೆಳಿಗ್ಗೆಗೆ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲೋ ಏನೋ ಒಂದು ಕರೆಂಟ್ ಕದಿಯುತ್ತಿದೆ. ಬಾನೆಟ್ ತೆಗೆದು, ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಹಾಗೆ ಒತ್ತಿಬಿಡಿ. ಗಾಡಿ ಲಾಕ್ ಮಾಡಿ, ಸ್ಮಾರ್ಟ್ ಕೀ ದೂರ ಇಟ್ಟು 40 ನಿಮಿಷ ಬಿಡಿ. ಕಂಪ್ಯೂಟರ್‌ಗಳು ಮಲಗಬೇಕಲ್ವಾ? ಆಮೇಲೆ ಫ್ಯೂಸ್ ಕೀಳಬೇಡಿ, ಕಿತ್ತರೆ ಎಚ್ಚರವಾಗುತ್ತವೆ. ಪ್ರತಿ ಫ್ಯೂಸಿನ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕಿ ಕಾಣುತ್ತವೆ. ಮೀಟರನ್ನು ಮಿಲಿವೋಲ್ಟ್‌ಗೆ ಹಾಕಿ ಆ ಚುಕ್ಕಿಗಳನ್ನು ಮುಟ್ಟಿಸಿ. ಸೊನ್ನೆ ಬಂದರೆ ಆ ದಾರಿಯಲ್ಲಿ ಕರೆಂಟ್ ಹರಿಯುತ್ತಿಲ್ಲ. ಒಂದರಲ್ಲಿ ಮಾತ್ರ ಜಾಸ್ತಿ ಬಂದರೆ ಕಳ್ಳ ಅದೇ ಸಾಲಿನಲ್ಲಿದ್ದಾನೆ. ಮಲಗಿದ ಗಾಡಿ ಒಟ್ಟು 50 ಮಿಲಿಆಂಪ್ ಒಳಗೆ ಎಳೆದರೆ ಚಿಂತೆ ಇಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಸಿಕ್ಕಿಬೀಳುವುದು ಆಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮ್, ಫಾಗ್ ಲ್ಯಾಂಪ್, ಆಂಪ್ಲಿಫೈಯರ್.

ನಮ್ಮ ಕಡೆ ಕಬ್ಬು ಕಡಿದ ಮೇಲೆ ಇಲಿಗಳು ಗಾಡಿಯೊಳಗೆ ಸೇರುತ್ತವೆ. ಆಲೆಮನೆ ಹತ್ತಿರ ನಿಲ್ಲಿಸುವವರು ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಹಿಕ್ಕೆ, ಕಬ್ಬಿನ ಸಿಪ್ಪೆ ಕಂಡರೆ ಸ್ಟಾರ್ಟ್ ಮಾಡುವ ಮೊದಲು ವೈರ್ ನೋಡಿ. ಕಡಿದ ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಬೆಸುಗೆ ಹಾಕಿ, ಮೇಲೆ ಸ್ಲೀವ್ (ವೈರ್ ಮುಚ್ಚುವ ಕೊಳವೆ) ಏರಿಸಿ. ಜೊತೆಯಾಗಿ ಹೆಣೆದ ಎರಡು ತೆಳು ವೈರ್ ಕಂಡರೆ ಅವು ಸಿಎಎನ್ ವೈರ್, ಅಂದರೆ ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ವೈರ್ ಇರಬಹುದು, ಮತ್ತೆ ಹಾಗೇ ಹೆಣೆಯಬೇಕು. ಬ್ಯಾಟರಿ ಮೈನಸ್ ಬಿಚ್ಚಿ, ಸ್ಕ್ಯಾನರ್ ಹಾಕುವ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಮೀಟರನ್ನು ಓಮ್‌ಗೆ ಹಾಕಿ ಅಳೆಯಿರಿ. ಸಾಮಾನ್ಯವಾಗಿ 60 ಓಮ್ ಬರಬೇಕು. 120 ಬಂದರೆ ಒಂದು ಕಡೆ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎರಡೂ ಒಂದಕ್ಕೊಂದು ತಾಗಿವೆ.

ಫ್ಯೂಸ್ ಹೋದರೆ ಅಷ್ಟೇ ಆಂಪ್‌ನದ್ದು ಹಾಕಿ. 10ರ ಜಾಗಕ್ಕೆ 20 ಹಾಕಿದರೆ ಫ್ಯೂಸ್ ಬದಲು ವೈರ್ ಸುಡುತ್ತದೆ. ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಹೈಬ್ರಿಡ್ ಗಾಡಿಯ ಕಿತ್ತಳೆ ಕೇಬಲ್ ಜೀವ ತೆಗೆಯುವಷ್ಟು ವೋಲ್ಟೇಜಿನದು. ಎರಡನ್ನೂ ಮನೆಯಲ್ಲಿ ಮುಟ್ಟಬೇಡಿ.

ಇಷ್ಟು ನೋಡಿಯೂ ಸಿಗದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ. ನಿಂತಾಗ ಎಷ್ಟು ವೋಲ್ಟ್, ಸೆಲ್ಫ್ ಹೊಡೆದಾಗ ಎಷ್ಟು, ಓಡುವಾಗ ಎಷ್ಟು. ಯಾವ ದೀಪ ಮೊದಲು ಬಂತು, ಮಳೆ ಬಂದಿತ್ತಾ, ಗಾಡಿ ತೊಳೆಸಿದ್ದಿರಾ. ಅಂಥ ಚೀಟಿ ಕೈಗೆ ಸಿಕ್ಕರೆ ನನಗೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.