ಅರಬೈಲ್ ಘಟ್ಟ, 2515 ಮತ್ತು ನಾನು

ಅಂಕೋಲೆಯ ಬಾಳೆಗುಳಿ ಕ್ರಾಸಿನಲ್ಲಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಬರುವ ಹುಬ್ಬಳ್ಳಿ ರಸ್ತೆ ಹೆದ್ದಾರಿ 66ಕ್ಕೆ ಕೂಡುತ್ತದೆ. ಅಲ್ಲಿ ನಾಲ್ಕು ಜನ ಲಾರಿಯವರು ಚಾ ಕುಡಿಯಲು ನಿಂತರೆ ಮಾತು ಐದು ನಿಮಿಷದಲ್ಲಿ ಲೇಲ್ಯಾಂಡಾ ಟಾಟಾನಾ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಲೇಲ್ಯಾಂಡಿನ ಹಿನೋ ಇಂಜಿನ್ ಸದ್ದು ಕೇಳಿದರೇ ನಿದ್ದೆ ಬರುತ್ತದೆ, ಅಷ್ಟು ಮೆತ್ತಗೆ ಅಂತ ಒಬ್ಬ. ಲೋಡ್ ಎಳೆಯುವುದಕ್ಕೆ ಟಾಟಾದ ಕಮ್ಮಿನ್ಸ್ ಇಂಜಿನ್ನೇ ಆಗಬೇಕು ಅಂತ ಇನ್ನೊಬ್ಬ. ಈಗಿನ ಹುಡುಗರು ಮೊಬೈಲ್ ತೆಗೆದು ಇದಕ್ಕೆ ಇಷ್ಟು ಎಚ್‌ಪಿ, ಅದಕ್ಕೆ ಅಷ್ಟು ಟಾರ್ಕ್ ಅಂತ ಓದಿ ಹೇಳುತ್ತಾರೆ. ನಾನು ಸುಮ್ನೆ ಚಾ ಕುಡಿಯುತ್ತೇನೆ. ಯಾಕೆಂದರೆ ಎಲ್ಲರೂ ಮಾತಾಡುವುದು ಘಟ್ಟ ಹತ್ತುವ ಬಗ್ಗೆ. ಇಳಿಯುವ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ನನಗೆ ಅದರ ಬುದ್ಧಿ ಬಂದಿದ್ದೂ ತಡವಾಗಿಯೇ. ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸ್ವಂತ ಲಾರಿ ತೆಗೆದುಕೊಂಡದ್ದು 2011ರಲ್ಲಿ. ಅದರ ಹಿಂದಿನ ವರ್ಷ ರಾಜ್ಯ ಸರ್ಕಾರ ಕಬ್ಬಿಣದ ಅದಿರು ರಫ್ತಿಗೆ ತಡೆ ಹಾಕಿತ್ತು. ಅಲ್ಲಿಯವರೆಗೆ ಹೊಸಪೇಟೆ ಕಡೆಯಿಂದ ಬೇಲೆಕೇರಿ ಬಂದರಿಗೂ ಕಾರವಾರಕ್ಕೂ ಹಗಲೂ ರಾತ್ರಿ ಓಡುತ್ತಿದ್ದ ಹತ್ತು ಚಕ್ರದ ಲಾರಿಗಳು ಒಮ್ಮೆಲೇ ನಿಂತವು. ಕಂತು ಕಟ್ಟಲಾಗದೆ ಎಷ್ಟೋ ಜನ ಸಿಕ್ಕ ರೇಟಿಗೆ ಮಾರಿದರು. ನಮ್ಮಂಥವರಿಗೆ ಲಾರಿ ಕೈಗೆ ಎಟುಕಿದ್ದು ಆಗಲೇ. ಆದರೆ ಅದಿರು ಹೊತ್ತ ಲಾರಿ ಅಂದರೆ ಓವರ್‌ಲೋಡಿನಲ್ಲಿ ಬೆನ್ನು ಮುರಿದ ಎತ್ತು ಇದ್ದ ಹಾಗೆ. ನೋಡಿ ತೆಗೆದುಕೊಳ್ಳಬೇಕು.

ನಾನು ಮೂರು ಲಾರಿ ಬಿಟ್ಟು ನಾಲ್ಕನೆಯದನ್ನು ಹಿಡಿದೆ. ಬೆಳಿಗ್ಗೆ ಆರಕ್ಕೆ ಬರುತ್ತೇನೆ, ಅದಕ್ಕಿಂತ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಟ್ಟಿದ್ದೆ. ಹೋದ ತಕ್ಷಣ ಮಾಡಿದ ಕೆಲಸ ಇಂಜಿನ್ ಮುಟ್ಟಿ ನೋಡಿದ್ದು. ಎರಡನೇ ಲಾರಿ ಬೆಚ್ಚಗಿತ್ತು. ಅಲ್ಲಿಂದ ಹಾಗೇ ತಿರುಗಿ ಬಂದೆ. ತಣ್ಣಗಿರುವ ಡೀಸೆಲ್ ಇಂಜಿನ್ನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಂಪ್ರೆಶನ್ ಚೆನ್ನಾಗಿದ್ದರೆ ಸೆಲ್ಫ್ ಹೊಡೆದು ಎರಡು ಸುತ್ತಿಗೆ ಹಿಡಿಯುತ್ತದೆ. ಹಿಡಿದ ಮೇಲೆ ಹೊಗೆ ನೋಡಬೇಕು. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಚಿಮ್ಮಿಸುವ ನೋಜಲ್ ಕೆಟ್ಟಿದೆ, ಇಲ್ಲಾ ನೀರು ಒಳಗೆ ಹೋಗುತ್ತಿದೆ. ಆಮೇಲೆ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದು ಅದೇ ಬಾಯಿಯ ಮೇಲೆ ಸಡಿಲವಾಗಿ ಇಡಿ. ಮುಚ್ಚಳ ಕುಣಿದು ಹಾರಿಬಿದ್ದರೆ ಪಿಸ್ಟನ್ ರಿಂಗ್ ಮುಗಿದಿದೆ ಅಂತ ಲೆಕ್ಕ. ನನ್ನದರಲ್ಲಿ ಸ್ವಲ್ಪ ನಡುಗಿತು ಅಷ್ಟೇ. ಟರ್ಬೋದ ಪೈಪ್ ಬಿಚ್ಚಿಸಿ ಒಳಗಿನ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿಯೂ ನೋಡಿದೆ. ಮಾರುವವರು ಮುಖ ಗಂಟು ಹಾಕಿಕೊಂಡರು. ಹಾಕಿಕೊಳ್ಳಲಿ ಬಿಡಿ, ಸಾಲ ತೀರಿಸುವವನು ನಾನಲ್ವಾ?

ಗಾಡಿ 2006ರ ಟಾಟಾ 2515. ಟಾಟಾದವರ ಈ ನಂಬರಿನಲ್ಲೇ ಜಾತಕ ಇದೆ. ಮೊದಲ ಎರಡು ಅಂಕಿ ಲೋಡ್ ಸೇರಿ ಒಟ್ಟು ತೂಕ, 25 ಟನ್. ಕೊನೆಯ ಎರಡಕ್ಕೆ ಒಂದು ಸೊನ್ನೆ ಸೇರಿಸಿದರೆ ಎಚ್‌ಪಿ, ಸುಮಾರು 150. ಒಳಗಿರುವುದು ಜಮ್‌ಶೆಡ್‌ಪುರದ ಟಾಟಾ ಕಮ್ಮಿನ್ಸ್ ಕಾರ್ಖಾನೆಯ 5.9 ಲೀಟರಿನ ಆರು ಸಿಲಿಂಡರ್ ಇಂಜಿನ್. ಇದೇ ಕುಲದ ಇಂಜಿನ್ನನ್ನು ಅಮೆರಿಕದಲ್ಲಿ 1989ರಿಂದ ಡಾಡ್ಜ್ ಪಿಕಪ್ಪಿಗೆ ಹಾಕುತ್ತಿದ್ದರು. ನಾವು 25 ಟನ್ ಎಳೆಸುವ ಇಂಜಿನ್ನನ್ನು ಅಲ್ಲಿನವರು ಮನೆ ಮುಂದೆ ನಿಲ್ಲಿಸುವ ಗಾಡಿಯಲ್ಲಿ ಇಟ್ಟುಕೊಂಡಿದ್ದರು!

ಈ ಇಂಜಿನ್ ಮೇಲೆ ನನಗೆ ಪ್ರೀತಿ ಇದೆ, ಮುಚ್ಚಿಡುವುದಿಲ್ಲ. ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇಲ್ಲ, ಎಲ್ಲಾ ಗೇರಿನಿಂದ ಗೇರಿಗೆ. ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿನ ಮೇಲೆ ಬಿಡುವ ಸಂದು, ನೆನಪಿಡುವುದು ಸುಲಭ, ಇನ್‌ಟೇಕಿಗೆ 10 ಥೌ (ಇಂಚಿನ ಸಾವಿರದ ಒಂದು ಭಾಗಕ್ಕೆ ಒಂದು ಥೌ), ಎಕ್ಸಾಸ್ಟಿಗೆ 20. ಫೀಲರ್ ಗೇಜ್ ಇದ್ದರೆ ಮನೆ ಅಂಗಳದಲ್ಲೇ ಮಾಡಿಕೊಳ್ಳಬಹುದು, ನಾನು ಮಾಡಿಕೊಳ್ಳುತ್ತೇನೆ. ಒಂದು ವಿಷಯಕ್ಕೆ ಮಾತ್ರ ಲೇಲ್ಯಾಂಡ್ ಭಕ್ತರ ಮುಂದೆ ತಲೆ ತಗ್ಗಿಸುತ್ತೇನೆ. ಇದಕ್ಕೆ ಲೈನರ್, ಅಂದರೆ ಸಿಲಿಂಡರಿನೊಳಗೆ ಕೂರಿಸುವ ಬೇರೆ ಕೊಳವೆ, ಇಲ್ಲ; ಬ್ಲಾಕನ್ನೇ ಕೊರೆದು ಸಿಲಿಂಡರ್ ಮಾಡಿದ್ದಾರೆ. ಸವೆದರೆ ಬ್ಲಾಕ್ ಇಳಿಸಿ ಬೋರಿಂಗಿಗೆ ಹುಬ್ಬಳ್ಳಿಗೆ ಹೊರಡಬೇಕು. ಲೈನರ್ ಇರುವ ಇಂಜಿನ್ನಿನವರು ಹಳೆಯದು ಕಿತ್ತು ಹೊಸದು ಹಾಕಿ ನಗುತ್ತಾರೆ.

ಇನ್ನು ಘಟ್ಟದ ವಿಷಯ. ನಾನು ಕ್ಲೀನರ್ ಆಗಿ ಹತ್ತಿದ್ದು ನನ್ನ ಸೋದರಮಾವನ 1210 ಲಾರಿಗೆ. ಮಾವ ಕಲಿಸಿದ ಪಾಠ ಒಂದೇ: ಯಾವ ಗೇರಿನಲ್ಲಿ ಘಟ್ಟ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಘಟ್ಟದ ಮೇಲೆ ಓಡಿಸುವ ಎಲ್ಲರೂ ಹೇಳುವ ಮಾತು ಇದು. ನಾನೂ ಅದನ್ನೇ ನಂಬಿಕೊಂಡು 2515 ಓಡಿಸಿದೆ. ಮೇಲೆ ಹೋಗುವಾಗ ಚಿರೆಕಲ್ಲು, ಬರುವಾಗ ಸಿಮೆಂಟ್. ಹುಬ್ಬಳ್ಳಿ-ಅಂಕೋಲಾ ರೈಲು ಬರುತ್ತದೆ ಅಂತ ಚಿಕ್ಕವನಿದ್ದಾಗಿನಿಂದ ಕೇಳುತ್ತಿದ್ದೇನೆ. ಅದು ಬರುವವರೆಗೆ ಎಲ್ಲಾ ಸಾಮಾನೂ ಅರಬೈಲಿನ ತಿರುವುಗಳಲ್ಲೇ ಇಳಿಯಬೇಕು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದೆ, ಮೂರರಲ್ಲೇ ಇಳಿಯುತ್ತಿದ್ದೆ. ಎರಡು ವರ್ಷ ಏನೂ ತೊಂದರೆ ಆಗಲಿಲ್ಲ.

2013ರಲ್ಲಿ ಆಸೆ ಹುಟ್ಟಿತು. 2518 ಇಟ್ಟುಕೊಂಡವರು ಗುಳ್ಳಾಪುರ ದಾಟಿದ ಮೇಲೆ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಅದರದ್ದೂ ಇದೇ 5.9 ಲೀಟರ್ ಇಂಜಿನ್, 30 ಎಚ್‌ಪಿ ಜಾಸ್ತಿ. ಡೀಸೆಲ್ ಪಂಪ್ ರಿಪೇರಿಯ ಒಬ್ಬರು, ಊರು ಹೆಸರು ಬೇಡ, ಸೀಲ್ ಒಡೆದು ಡೀಸೆಲ್ ಸ್ಕ್ರೂ ತಿರುಗಿಸಿ ಕೊಟ್ಟರು. ಒತ್ತಾಯ ಮಾಡಿದ್ದು ನಾನೇ. ಹಳೆಯ ಮೆಕ್ಯಾನಿಕಲ್ ಪಂಪಿನಲ್ಲಿ ಇದು ಅರ್ಧ ಗಂಟೆಯ ಕೆಲಸ. ಡೀಸೆಲ್ ಇಂಜಿನ್ನಿಗೆ ಎಣ್ಣೆ ಜಾಸ್ತಿ ಕೊಟ್ಟಷ್ಟೂ ಎಳೆಯುತ್ತದೆ, ಗಾಳಿ ಸಾಲದಷ್ಟು ಕೊಟ್ಟಾಗ ಕರಿ ಹೊಗೆ ಉಗುಳುತ್ತದೆ. ನನ್ನ ಲಾರಿ ಹೊಗೆ ಉಗುಳುತ್ತಾ ನಾಲ್ಕನೇ ಗೇರಿನಲ್ಲಿ ಘಟ್ಟ ಹತ್ತಿತು. ಅವತ್ತು ನಾನೇ ರಾಜ.

ಬರುವಾಗ 320 ಮೂಟೆ ಸಿಮೆಂಟ್ ಇತ್ತು. ಇಡಗುಂದಿ ದಾಟಿ ಘಟ್ಟ ಶುರುವಾದಾಗ ಮಾವನ ಪಾಠದ ಪ್ರಕಾರ ನಾಲ್ಕರಲ್ಲೇ ಬಿಟ್ಟೆ. ಮೊದಲ ತಿರುವಿಗೇ ಗಾಡಿ ಹಗುರ ಆದ ಹಾಗೆ ಅನ್ನಿಸಿತು. ಬ್ರೇಕ್ ಒತ್ತಿದೆ, ಹಿಡಿಯಿತು. ಬಿಟ್ಟೆ, ಮತ್ತೆ ಓಡಿತು. ಹೀಗೇ ಏಳೆಂಟು ತಿರುವು. ಆಮೇಲೆ ಬ್ರೇಕ್ ಲೈನಿಂಗ್ ಸುಟ್ಟ ವಾಸನೆ ಬಂತು. ಒಮ್ಮೆ ಮೂಗಿಗೆ ಬಡಿದರೆ ಜನ್ಮದಲ್ಲಿ ಮರೆಯದ ವಾಸನೆ ಅದು. ಕ್ಲೀನರ್ ಹುಡುಗ ಎಡಗಡೆಯಿಂದ ತಲೆ ಹೊರಹಾಕಿ, "ಅಣ್ಣಾ, ಹಿಂದಿನ ಚಕ್ರದಾಗೆ ಹೊಗೆ!" ಅಂದ. ಪೆಡಲ್ ಒತ್ತುತ್ತಿದ್ದೇನೆ, ಬ್ರೇಕಿನ ಗಾಳಿ ಒತ್ತಡ ತೋರಿಸುವ ಮುಳ್ಳು ಸರಿಯಾಗೇ ಇದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ. ಮೂರಕ್ಕೆ ಇಳಿಸೋಣ ಅಂತ ಕ್ಲಚ್ ತುಳಿದು ಗೇರ್ ಎಳೆದೆ. ಸ್ಪೀಡು ಜಾಸ್ತಿ ಇದ್ದುದರಿಂದ ಮೂರು ಬೀಳಲಿಲ್ಲ. 25 ಟನ್, ಇಳಿಜಾರು, ಗೇರ್ ನ್ಯೂಟ್ರಲ್. ಎರಡು ಸೆಕೆಂಡೋ ಮೂರೋ ಇರಬೇಕು. ಎಕ್ಸಿಲರೇಟರ್ ಕೊಟ್ಟು ಡಬಲ್ ಕ್ಲಚ್ ಮಾಡಿ ನಾಲ್ಕನ್ನೇ ಮತ್ತೆ ಹೇಗೋ ತುರುಕಿದೆ. ಎದುರಿಗೆ ಬಸ್ಸು ಬರುತ್ತಿತ್ತು. ಅದು ದಾಟುವ ತನಕ ಕಾದು, ಗುಡ್ಡದ ಬದಿಯ ಚರಂಡಿಗೆ ಎರಡು ಚಕ್ರ ಇಳಿಸಿ ಮಣ್ಣಿಗೆ ಒರೆಸುತ್ತಾ ನಿಲ್ಲಿಸಿದೆ. ಬಂಪರ್ ಹೋಯಿತು, ಒಂದು ಟೈರಿನ ಬದಿ ಹರಿಯಿತು. ಅಷ್ಟೇ.

ಹುಡುಗ ನೀರಿನ ಕ್ಯಾನ್ ಹಿಡಿದು ಬ್ರೇಕ್ ಡ್ರಮ್ಮಿನ ಹತ್ತಿರ ಓಡಿದ. ಕೂಗಿ ತಡೆದೆ. ಕಾದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ.

ರಾತ್ರಿ ಮಾವನಿಗೆ ಫೋನ್ ಮಾಡಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಇಷ್ಟೇ: "ಪಂಪಿಗೆ ಕೈ ಹಾಕಿದ್ಯಾ ತಮಾ?" ಹೌದು ಅಂದೆ. "ಹತ್ತೂಕೆ ಎಣ್ಣೆ ಜಾಸ್ತಿ ಕೊಟ್ಟೆ. ಇಳಿಯೂಕೆ ಎಂತ ಕೊಟ್ಟೆ?"

ಆ ಪ್ರಶ್ನೆ ಒಂದು ವಾರ ತಲೆ ತಿಂದಿತು. ಆಮೇಲೆ ಅರ್ಥ ಆಯಿತು. ಇಳಿಜಾರಿನಲ್ಲಿ ಕಾಲು ತೆಗೆದರೆ ಪಂಪ್ ಡೀಸೆಲ್ ನಿಲ್ಲಿಸುತ್ತದೆ. ಆಗ ಇಂಜಿನ್ ಇಂಜಿನ್ನೇ ಅಲ್ಲ, ಚಕ್ರಗಳೇ ಅದನ್ನು ತಿರುಗಿಸುವ ಒಂದು ಗಾಳಿ ಪಂಪ್. ಅದು ಎಷ್ಟು ಹಿಡಿಯುತ್ತದೆ ಅನ್ನುವುದು ಎಚ್‌ಪಿ ಮೇಲೆ ಇಲ್ಲ, ಎಷ್ಟು ಲೀಟರಿನ ಇಂಜಿನ್, ಎಷ್ಟು ಜೋರಾಗಿ ತಿರುಗುತ್ತಿದೆ ಅನ್ನುವುದರ ಮೇಲೆ. ಸ್ಕ್ರೂ ತಿರುಗಿಸಿದ್ದಕ್ಕೆ ಹತ್ತುವ ಶಕ್ತಿ ಬಂತು, ಹಿಡಿಯುವ ಶಕ್ತಿ ಒಂದು ಚೂರೂ ಹೆಚ್ಚಲಿಲ್ಲ. ಮಾವನ ಪಾಠ 100 ಎಚ್‌ಪಿ ಕಾಲದ್ದು. ಆಗ ಇಂಜಿನ್ನಿನ ಬಡತನವೇ ಡ್ರೈವರನ್ನು ಕಾಯುತ್ತಿತ್ತು. ತೆವಳುತ್ತಾ ಹತ್ತಿದ ಗೇರಿನಲ್ಲಿ ಇಳಿದರೆ ಗಾಡಿ ತೆವಳುತ್ತಲೇ ಇಳಿಯುತ್ತಿತ್ತು.

ಇನ್ನೊಂದು ಗುಟ್ಟಿದೆ. ಡೀಸೆಲ್ ಗಾಡಿ ಗೇರಿನಲ್ಲಿ ಬಿಟ್ಟರೆ ತಾನೇ ಚೆನ್ನಾಗಿ ಹಿಡಿಯುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಪಿಸ್ಟನ್ ಗಾಳಿಯನ್ನು ಒತ್ತುವಾಗ ಹಿಡಿಯುತ್ತದೆ ನಿಜ. ಆದರೆ ಒತ್ತಿದ ಗಾಳಿ ಸ್ಪ್ರಿಂಗ್ ಹಾಗೆ ಪಿಸ್ಟನ್ನನ್ನು ವಾಪಸ್ ತಳ್ಳುತ್ತದೆ. ಕೊಟ್ಟಿದ್ದು ಬಹುಪಾಲು ತಿರುಗಿ ಬಂತು. ಪೆಟ್ರೋಲ್ ಇಂಜಿನ್ನಿನಲ್ಲಿ ಕಾಲು ತೆಗೆದರೆ ಗಾಳಿಯ ಬಾಯಿಯೇ ಮುಚ್ಚಿ ಎಳೆತ ಹುಟ್ಟುತ್ತದೆ. ನಮ್ಮದರಲ್ಲಿ ಆ ಬಾಯಿ ಸದಾ ತೆರೆದೇ ಇರುತ್ತದೆ. ಅದಕ್ಕೇ ಲಾರಿಗೆ ಎಕ್ಸಾಸ್ಟ್ ಬ್ರೇಕ್ ಕೊಡುವುದು. ಹೊಗೆ ಕೊಳವೆಯಲ್ಲಿ ಒಂದು ಚಿಟ್ಟೆ ಬಾಗಿಲು, ಅದು ಮುಚ್ಚಿದರೆ ಪಿಸ್ಟನ್ನು ಹೊರಹೋಗದ ಗಾಳಿಯ ಜೊತೆ ಗುದ್ದಾಡಬೇಕು. ನನ್ನ ಲಾರಿಯಲ್ಲಿ ಆ ಬಾಗಿಲು ತುಕ್ಕು ಹಿಡಿದು ತೆರೆದೇ ಕುಳಿತಿತ್ತು. ಎರಡು ವರ್ಷ ನಾನು ಆ ಕಡೆ ನೋಡಿಯೂ ಇರಲಿಲ್ಲ.

ಮಗಳು ಪಿಯುಸಿ ಸೈನ್ಸ್ ಓದುವಾಗ ಒಂದು ದಿನ ಲೆಕ್ಕ ಹಾಕಿಸಿದೆ. 25 ಟನ್ ಲಾರಿ 400 ಮೀಟರ್ ಎತ್ತರ ಇಳಿದರೆ ಎಷ್ಟು ಬಿಸಿ ಹುಟ್ಟುತ್ತದೆ ಅಂತ. 98 ಮೆಗಾಜೂಲ್ ಅಂದಳು. ನನಗೆ ಅರ್ಥ ಆಗುವ ಹಾಗೆ ಹೇಳು ಅಂದೆ. ನಮ್ಮ ಬಚ್ಚಲ ಹಂಡೆ 60 ಲೀಟರಿನದು. ತಣ್ಣೀರು ತುಂಬಿ ಐದು ಹಂಡೆ ಕುದಿಸಿ, ಇನ್ನೂ ಮಿಕ್ಕುತ್ತದಂತೆ. ಅಷ್ಟು ಬೆಂಕಿಯನ್ನು ನಾನು ಅವತ್ತು ಬ್ರೇಕ್ ಡ್ರಮ್ಮುಗಳ ಕೈಗೆ ಕೊಟ್ಟಿದ್ದೆ. ಡ್ರಮ್ ಕಾದು ಹಿಗ್ಗಿದಾಗ ಲೈನಿಂಗಿನಿಂದ ದೂರ ಹೋಗುತ್ತದೆ. ಲೈನಿಂಗಿನ ಮೇಲ್ಮೈ ಗಾಜಿನ ಹಾಗೆ ಆಗುತ್ತದೆ. ಗಾಳಿ ಎಷ್ಟಿದ್ದರೇನು?

ಡೀಸೆಲ್ ಪಂಪನ್ನು ಟೆಸ್ಟ್ ಬೆಂಚಿಗೆ ಹಾಕಿಸಿ ಮೊದಲಿನ ಅಳತೆಗೆ ತಂದೆ. ಮೈಲೇಜ್ ಕೂಡ ತಿರುಗಿ ಬಂತು, ಅದು ಲಾಭ. ಗುಜರಿಯಲ್ಲಿ ಅದೇ ಇಂಜಿನ್ನಿನ ಎಕ್ಸಾಸ್ಟ್ ಬ್ರೇಕ್ ಹುಡುಕಿ ಹಾಕಿಸಿದೆ. ಶಾಫ್ಟಿಗೆ ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಿಡುತ್ತೇನೆ, ನಮ್ಮ ಕರಾವಳಿಯ ಉಪ್ಪು ಗಾಳಿಗೆ ಬಿಟ್ಟರೆ ಮತ್ತೆ ಕಚ್ಚಿಕೊಳ್ಳುತ್ತದೆ. ಗಾಳಿ ಟ್ಯಾಂಕಿನ ನೀರನ್ನು ದಿನಾ ಬೆಳಿಗ್ಗೆ ಬಿಡಬೇಕು, ಮಳೆಗಾಲದಲ್ಲಂತೂ ಲೋಟಗಟ್ಟಲೆ ಬರುತ್ತದೆ. ಘಟ್ಟ ಶುರುವಾಗುವ ಮೊದಲೇ, ಗಾಡಿ ಇನ್ನೂ ಮಟ್ಟಸ ಜಾಗದಲ್ಲಿ ಇರುವಾಗಲೇ ಎರಡಕ್ಕೋ ಮೂರಕ್ಕೋ ಇಳಿಸುತ್ತೇನೆ. ಈ ಇಂಜಿನ್ 2500 ಆರ್‌ಪಿಎಮ್‌ನದು. ನಾನು 2000ದ ಆಸುಪಾಸಿನಲ್ಲಿ ಇಟ್ಟು ಎಕ್ಸಾಸ್ಟ್ ಬ್ರೇಕ್ ಒತ್ತುತ್ತೇನೆ. ಕಡಿಮೆ ತಿರುಗಿದರೆ ಅದು ಹಿಡಿಯುವುದಿಲ್ಲ. 2200 ದಾಟಿತು ಅಂದರೆ ಕಾಲ್ಬ್ರೇಕ್ ಒಮ್ಮೆ ಗಟ್ಟಿಯಾಗಿ ಒತ್ತಿ, 1800ಕ್ಕೆ ತಂದು ಪೂರ್ತಿ ಬಿಡುತ್ತೇನೆ. ಸವರಿಕೊಂಡು ಹೋಗುವುದಿಲ್ಲ, ಸವರಿದರೆ ಡ್ರಮ್ಮಿಗೆ ಆರಲು ಪುರುಸೊತ್ತೇ ಇರುವುದಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ. ಮೊದಲೆಲ್ಲ ಅರ್ಧ ಘಟ್ಟದಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಡ್ರಮ್ ಆರಿಸುತ್ತಿದ್ದೆ. 2024ರ ಜುಲೈ 16ರಂದು ನಮ್ಮ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆ ಬದಿಯ ಚಾ ಅಂಗಡಿಯನ್ನೂ ಲಾರಿಗಳನ್ನೂ ಎಳೆದುಕೊಂಡು ಹೋಯಿತಲ್ಲ, ಅವತ್ತಿನಿಂದ ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ನಿಲ್ಲಿಸುವುದಿಲ್ಲ.

ಹೊಸ ಲಾರಿಗಳ ಬಗ್ಗೆ ಕೇಳಿದರೆ, ಅವು ಒಳ್ಳೆಯವೇ. 2020ರಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಹೊಗೆ ಕಾಣುವುದೇ ಇಲ್ಲ. ಘಟ್ಟದಲ್ಲಿ ಇವುಗಳ ಹಿಂದೆ ಬೈಕಿನಲ್ಲಿ ಹೋಗುವವರು ಪುಣ್ಯವಂತರು. ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ನೀರು, ಸೆನ್ಸರ್ ಅಂತ ಗೊಣಗುವವರಿದ್ದಾರೆ. ಕನೆಕ್ಟರಿಗೆ ಉಪ್ಪು ಹಿಡಿದು ಪವರ್ ಕಟ್ಟಾಗಿ ದಾರಿಯಲ್ಲಿ ನಿಂತವರನ್ನು ನಾನೂ ಎಳೆದು ತಂದಿದ್ದೇನೆ. ಮೀನಿನ ಲಾರಿ ಆದರಂತೂ ಕೇಳುವುದೇ ಬೇಡ. ನನ್ನ ತಕರಾರು ಬೇರೆ. 2018ರಲ್ಲಿ ಹತ್ತು ಚಕ್ರದ ಲಾರಿಯ ಒಟ್ಟು ತೂಕವನ್ನು 25 ಟನ್ನಿನಿಂದ 28.5ಕ್ಕೆ ಏರಿಸಿದರು. ಎಚ್‌ಪಿಯೂ ಏರಿತು. ಇಂಜಿನ್ನಿನ ಗಾತ್ರ ಅದಕ್ಕೆ ತಕ್ಕಂತೆ ಏರಲಿಲ್ಲ. ಅಂದರೆ ಹತ್ತುವ ಗೇರ್ ಇನ್ನೂ ಮೇಲೆ ಹೋಯಿತು, ಇಳಿಯುವ ಗೇರ್ ಇನ್ನೂ ಕೆಳಗೆ ಬಂತು. ಹೊಸ ಲಾರಿ ನೋಡಲು ಹೋದವರು ಎಕ್ಸಾಸ್ಟ್ ಬ್ರೇಕ್ ಸ್ವಿಚ್ ಎಲ್ಲಿದೆ ಅಂತ ಮೊದಲು ಕೇಳಿ. ಸೀಟು, ಎಸಿ ಆಮೇಲೆ ನೋಡಿದರಾಯಿತು.

ಮೊನ್ನೆ ನಮ್ಮ ಪಕ್ಕದ ಕೇರಿಯ ಹುಡುಗ 230 ಎಚ್‌ಪಿಯ ಹೊಸ ಗಾಡಿ ತಂದ. ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಎಲ್ಲಾ ಆಯಿತು. ಮೊದಲ ಟ್ರಿಪ್ಪಿನಲ್ಲಿ ಯಲ್ಲಾಪುರ ಮುಟ್ಟಿ ಫೋನ್ ಮಾಡಿದ. "ಅಣ್ಣಾ, ಕಾರಿನ ಹಾಗೆ ಹತ್ತಿತು ಮಾರಾಯ, ಗೇರ್ ಚೇಂಜೇ ಬೇಡ." ಸಂತೋಷ ಅಂದೆ. ಬರುವಾಗ ಲೋಡ್ ಏನು ಅಂತ ಕೇಳಿದೆ. ಸಿಮೆಂಟ್ ಅಂದ. ಇಡಗುಂದಿಯಲ್ಲಿ ನಿಲ್ಲಿಸಿ ನನಗೊಂದು ಫೋನ್ ಹಾಕು, ಅಲ್ಲಿಂದ ಮಾತಾಡೋಣ ಅಂದೆ. ರಾತ್ರಿ ಹತ್ತೂವರೆಗೆ ಅವನ ಫೋನ್ ಬಂತು.