ಸ್ತನ ಕ್ಯಾನ್ಸರ್ ಬೆನ್ನುಹುರಿ ಒತ್ತಿದಾಗ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡುವ ಬಗೆ: ನನ್ನ ಅನುಭವ

"ತೊಗರಿ ರಾಶಿ ಮಾಡಿ ನಡ ಹಿಡದದ" ಅಂತ ವಾರಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ಕಾಲು ಸೋತ ಮೇಲೆ ಕಲಬುರಗಿಗೆ ಬರುವವರು ಬಹಳ. ಸ್ತನ ಕ್ಯಾನ್ಸರ್ ಆದವರಿಗೆ ಮಲಗಿದರೆ ಹೆಚ್ಚುವ, ಕೆಮ್ಮಿದರೆ ಚುಚ್ಚುವ, ಎದೆ ಸುತ್ತ ಹಗ್ಗ ಬಿಗಿದಂಥ ನೋವು ಬಂದರೆ ಅದು ಬೆನ್ನುಮೂಳೆಗೆ ಹರಡಿದ ರೋಗ ಬೆನ್ನುಹುರಿ ಒತ್ತುತ್ತಿರುವುದೇ ಎಂದು ಹಿಡಿದು ನಾನು ಪರೀಕ್ಷೆ ಶುರು ಮಾಡುತ್ತೇನೆ. ನಡೆದು ಬಂದವರಲ್ಲಿ ಹೆಚ್ಚಿನವರು ಚಿಕಿತ್ಸೆಯ ನಂತರವೂ ನಡೆಯುತ್ತಾರೆ. ಕಾಲು ಪೂರ್ತಿ ಬಿದ್ದ ಮೇಲೆ ಬಂದವರಲ್ಲಿ ಮತ್ತೆ ನಡೆಯುವವರು ಕೆಲವರೇ.

ಆದ್ದರಿಂದ ಎಂಆರ್‌ಐಗೆ ಕಾಯದೆ ಊತ ಇಳಿಸುವ ಸ್ಟಿರಾಯ್ಡ್ ಆದ ಡೆಕ್ಸಾಮೆಥಸೋನ್ ಕೊಡುತ್ತೇನೆ. ಬೆಳಿಗ್ಗೆ 8 ಮಿ.ಗ್ರಾಂ, ಮಧ್ಯಾಹ್ನ 8. ರಾತ್ರಿ ಕೊಟ್ಟರೆ ನಿದ್ದೆ ಕೆಡುತ್ತದೆ. ಜೊತೆಗೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ದಿನವೂ ಸಕ್ಕರೆ ಪರೀಕ್ಷೆ. ಬೀದರ್, ಯಾದಗಿರಿಯಿಂದ ಕಳಿಸುವ ವೈದ್ಯರು ಮೊದಲ ಡೋಸ್ ಅಲ್ಲೇ ಹಾಕಿ, ಸಮಯ ಬರೆದು, ಅಂಗಾತ ಮಲಗಿಸಿಯೇ ಕಳಿಸಬೇಕು. ಜೀಪಿನಲ್ಲಿ ಕೂರಿಸಿದರೆ ಮುರಿಯುವಂತಿರುವ ಮೂಳೆ ದಾರಿಯಲ್ಲೇ ಕುಸಿಯಬಹುದು.

ಎಂಆರ್‌ಐ ಇಡೀ ಬೆನ್ನಿಗೆ ಆಗಲೇಬೇಕು. ಸ್ಪರ್ಶ ತಪ್ಪಿದ ಮಟ್ಟಕ್ಕಿಂತ ಒತ್ತಡ ಹಲವು ಕಶೇರು (ಬೆನ್ನುಮೂಳೆಯ ಮಣಿ) ಮೇಲಿರಬಹುದು, ಒಂದಕ್ಕಿಂತ ಹೆಚ್ಚು ಕಡೆಯೂ ಇರಬಹುದು. ಸೊಂಟದ ಎಂಆರ್‌ಐ ಮಾತ್ರ ಹಿಡಿದು ಬಂದವರಲ್ಲಿ ರೋಗ ಎದೆಯ ಭಾಗದಲ್ಲಿ ಅಡಗಿರಬಹುದು. ಒಂದೇ ಕಡೆ ಒತ್ತಡ, ಮೂಳೆ ಸಡಿಲ, ಒಳಗೆ ಮೂಳೆಯ ಚೂರು, ಅಥವಾ ಅದೇ ಜಾಗಕ್ಕೆ ಹಿಂದೆ ಕರೆಂಟ್ ಆಗಿದ್ದರೆ ಮೊದಲು ಶಸ್ತ್ರವೈದ್ಯರ ಅಭಿಪ್ರಾಯ. ಕರೆಂಟ್ ಗಡ್ಡೆ ಕುಗ್ಗಿಸುತ್ತದೆ, ಮುರಿದ ಮೂಳೆಗೆ ಆಸರೆ ಕೊಡುವುದಿಲ್ಲ.

ಕರೆಂಟಿಗೆ ಜಾಗ ಗುರುತಿಸುವ ಸ್ಕ್ಯಾನ್ ಆದ ಸಿಟಿ ಸಿಮ್ಯುಲೇಶನ್‌ಗೆ ಮುಕ್ಕಾಲು ಗಂಟೆ ಮೊದಲೇ ಮಾರ್ಫಿನ್ ಮಾತ್ರೆ ಕೊಡಿ. ನೋವಿದ್ದರೆ ಅಲುಗಾಡದೆ ಮಲಗುವುದು ಆಗದ ಮಾತು. ಕಿರಣ ಬೀಳುವ ಕ್ಷೇತ್ರದಲ್ಲಿ ರೋಗದ ಕಶೇರು, ಅದರ ಮೇಲೊಂದು ಕೆಳಗೊಂದು. ಎಣಿಕೆಯಲ್ಲೇ ದೊಡ್ಡ ತಪ್ಪಾಗುವುದು: ಎದೆಯ ಕಶೇರುಗಳು ನೋಡಲು ಒಂದೇ ಥರ. ಮೇಲಿನಿಂದ ಒಮ್ಮೆ, ಬೆನ್ನಿನ ಬುಡದ ಮೂಳೆಯಾದ ತ್ರಿಕಾಸ್ಥಿಯಿಂದ ಒಮ್ಮೆ ಎಣಿಸಿ, ಎರಡೂ ತಾಳೆಯಾದ ಮೇಲೆಯೇ ಗೆರೆ. ಹಿಂದಿನಿಂದ ಒಂದೇ ಕಿರಣ ಬಿಡುವುದಾದರೆ ಆಳವನ್ನು ಸಿಟಿಯಲ್ಲೇ ಅಳೆಯಬೇಕು, ಅಂದಾಜು ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಬೆವರಿ ಶಾಯಿ ಗುರುತು ಅಳಿಯುತ್ತದೆ; ಮೇಲೆ ಪಾರದರ್ಶಕ ಟೇಪ್ ಅಂಟಿಸುತ್ತೇವೆ.

ಡೋಸ್: ಕಾಲು ಬಿದ್ದು ಬಹಳ ದಿನವಾಗಿ, ಬದುಕು ತಿಂಗಳುಗಳ ಲೆಕ್ಕದಲ್ಲಿದ್ದರೆ ಒಮ್ಮೆಗೆ 8 ಗ್ರೇ (ಕಿರಣದ ಡೋಸಿನ ಅಳತೆ). ನಡೆಯುವ ಶಕ್ತಿ ಇದ್ದು, ಹಾರ್ಮೋನ್ ಔಷಧಿಗೆ ರೋಗ ಬಗ್ಗುವಂತಿದ್ದರೆ 10 ಸಲದಲ್ಲಿ 30 ಗ್ರೇ, ಇಲ್ಲವೇ 5 ಸಲದಲ್ಲಿ 20. ಒಂದು ಸಲದ ಕರೆಂಟನ್ನು ಐದು ಸಲದ್ದರ ಜೊತೆ ಹೋಲಿಸಿದ ಸ್ಕೋರಾಡ್ ಪ್ರಯೋಗದಲ್ಲಿ 8 ವಾರದ ಹೊತ್ತಿಗೆ ನಡೆಯುವವರ ಪ್ರಮಾಣ ಒಂದು ಸಲದವರಲ್ಲೂ ಐದು ಸಲದವರಲ್ಲೂ ಹೆಚ್ಚುಕಮ್ಮಿ ಒಂದೇ ಇತ್ತು. ಚಿಂಚೋಳಿಯಿಂದ ಹೊತ್ತು ತರಬೇಕಾದವರನ್ನು ಹತ್ತು ದಿನ ಅಲೆಸುವ ಮೊದಲು ಇದನ್ನು ಯೋಚಿಸಲೇಬೇಕು.

ಮೊದಲ ಒಂದೆರಡು ದಿನ ನೋವು ಏರಬಹುದು, ಮನೆಯವರಿಗೆ ಮೊದಲೇ ಹೇಳಿಡಿ. ಹೊಟ್ಟೆಯ ಮಟ್ಟದ ಕ್ಷೇತ್ರವಿದ್ದರೆ ಒಂದು ಗಂಟೆ ಮುಂಚೆ ವಾಂತಿ ತಡೆಯುವ ಒಂಡಾನ್ಸೆಟ್ರಾನ್. ಮೂತ್ರ ಕಟ್ಟಿದರೆ ಕ್ಯಾಥೆಟರ್, ಎರಡು ಗಂಟೆಗೊಮ್ಮೆ ಮೈ ಇಡಿಯಾಗಿ ಹೊರಳಿಸುವುದು, ಮಲ ಗಟ್ಟಿಯಾಗದಂತೆ ಔಷಧಿ. ಚಿಕಿತ್ಸೆ ಮುಗಿದ ಮೇಲೆ ಸ್ಟಿರಾಯ್ಡ್ ಕೆಲವು ದಿನಕ್ಕೊಮ್ಮೆ ಅರ್ಧಕ್ಕಿಳಿಸುತ್ತ ಬಿಡಿಸುತ್ತೇನೆ. ತಿಂಗಳುಗಟ್ಟಲೆ ಹಾಗೇ ಮುಂದುವರಿಸಿದರೆ ತೊಡೆಯ ಸ್ನಾಯು ಸೊರಗಿ, ಉಳಿಸಿದ ಕಾಲೇ ಮತ್ತೆ ಸೋಲುತ್ತದೆ.